ಮೂವತ್ತಾರು ನಿಮಿಷದ ಪಾಠ

ಬಿ.ಎಡ್. ಮಾಡಿದವರು ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಹೇಗೋ ಮೈಕ್ರೋ ಟೀಚಿಂಗ್‌ಗೆ ಬಂದು ನಿಲ್ಲುತ್ತದೆ, ನಗುವೂ ಅಲ್ಲಿಂದಲೇ ಶುರುವಾಗುತ್ತದೆ. ಪುಸ್ತಕದಲ್ಲಿ ಅದರ ಹೆಸರು ಸೂಕ್ಷ್ಮ ಬೋಧನೆ. ಶಿಕ್ಷಕರಾಗಲು ಬಂದವರು ಒಂದು ಸಲಕ್ಕೆ ಒಂದೇ ಕೌಶಲವನ್ನು ಆರಿಸಿಕೊಳ್ಳಬೇಕು: ಪ್ರಶ್ನೆ ಕೇಳುವುದು, ಉದಾಹರಣೆ ಕೊಡುವುದು, ಕಪ್ಪುಹಲಗೆ ಬಳಸುವುದು, ಮಗುವಿನ ಉತ್ತರಕ್ಕೆ ಭೇಷ್ ಎನ್ನುವುದು. ಆರು ನಿಮಿಷ ಪಾಠ. ಆರು ನಿಮಿಷ ತಪ್ಪು-ಒಪ್ಪುಗಳ ಚರ್ಚೆ. ಹನ್ನೆರಡು ನಿಮಿಷ ಪಾಠವನ್ನು ತಿದ್ದಿ ಬರೆದುಕೊಳ್ಳಲು. ಮತ್ತೆ ಆರು ನಿಮಿಷ ಅದೇ ಪಾಠ, ಮತ್ತೆ ಆರು ನಿಮಿಷ ಚರ್ಚೆ. ಒಟ್ಟು 36 ನಿಮಿಷಕ್ಕೆ ಒಂದು ಸುತ್ತು.

ನಗು ಬರುವುದು ಈ ಲೆಕ್ಕಕ್ಕಲ್ಲ, ಎದುರಿಗೆ ಕೂತ ಮಕ್ಕಳಿಗೆ. ಅವರು ಮಕ್ಕಳೇ ಅಲ್ಲ, ಸಹಪಾಠಿಗಳು. ಪದವಿ ಮುಗಿಸಿದ ಹತ್ತು ಜನ ಬೆಂಚಿನ ಮೇಲೆ ಕೂತು ಏಳನೇ ತರಗತಿಯ ಮಕ್ಕಳಾಗುತ್ತಾರೆ. ಮಳೆ ಹೇಗೆ ಬರುತ್ತದೆ ಎಂದು ಕೇಳಿದರೆ ಒಂದಿಷ್ಟು ಯೋಚಿಸಿದಂತೆ ಮಾಡಿ ಕೈ ಎತ್ತುತ್ತಾರೆ. ಮೊದಲೇ ಹೇಳಿಟ್ಟಂತೆ ಒಬ್ಬ ತಪ್ಪು ಉತ್ತರ ಕೊಡುತ್ತಾನೆ, ಮುಂದಿನವಳು ಸರಿ ಉತ್ತರ ಕೊಡುತ್ತಾಳೆ. ಗೊತ್ತಿದ್ದೂ ಗೊತ್ತಿಲ್ಲದವರಂತೆ ನಟಿಸುವುದರಲ್ಲಿ ಎಲ್ಲರೂ ಪಳಗಿಬಿಡುತ್ತಾರೆ. ನಿಜವಾಗಿಯೂ ಗೊತ್ತಿಲ್ಲದ ಒಂದು ಮಗು ಮಾತ್ರ ಆ ಕೋಣೆಯಲ್ಲಿ ಇರುವುದಿಲ್ಲ.

ಈ ಪದ್ಧತಿ 1963ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಭಾರತದಲ್ಲಿ ಅದು ಬೇರು ಬಿಟ್ಟ ಮುಖ್ಯ ನೆಲಗಳಲ್ಲಿ ಒಂದು ಗುಜರಾತಿನ ವಡೋದರಾ. ಅಲ್ಲಿನ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಶಿಕ್ಷಣ ಅಧ್ಯಯನ ಕೇಂದ್ರ 1970ರ ದಶಕದಲ್ಲಿ ಇದರ ಮೇಲೆ ಸಾಲುಸಾಲು ಸಂಶೋಧನೆ ನಡೆಸಿತು. ಬಿ.ಕೆ. ಪಾಸಿ ಅವರು ಈ ಕುರಿತು ಬರೆದು, ದೇಶದ ಶಿಕ್ಷಣ ಕಾಲೇಜುಗಳ ತುಂಬ ಹೆಸರಾದ ಪುಸ್ತಕ 1976ರಲ್ಲಿ ಅಹಮದಾಬಾದಿನಲ್ಲಿ ಅಚ್ಚಾಯಿತು. ಧಾರವಾಡದಲ್ಲೋ ಮೈಸೂರಿನಲ್ಲೋ ಕಲಬುರಗಿಯಲ್ಲೋ ಆರು ನಿಮಿಷದ ಪಾಠ ಮಾಡಿದವರಿಗೆ ಅದರ ದಾರಿ ಗುಜರಾತಿನ ಮೂಲಕ ಬಂದದ್ದೆಂದು ತಿಳಿದಿರಲಿಕ್ಕಿಲ್ಲ.

ಶಿಕ್ಷಕರನ್ನು ತಯಾರಿಸುವ ಪದವಿಯ ಪಠ್ಯಕ್ರಮವೆಂದರೆ ಕಡೆಗೂ ಒಂದು ವೇಳಾಪಟ್ಟಿ. ಯಾವುದಕ್ಕೆ ಎಷ್ಟು ಗಂಟೆ, ಯಾವುದು ಮೊದಲು, ಯಾವುದು ಕೊನೆಗೆ ಎಂಬ ಹಂಚಿಕೆ. ಮೇಷ್ಟ್ರು ಎಂದರೆ ಯಾರು ಎಂಬುದರ ಬಗ್ಗೆ ಆಯಾ ಕಾಲದ ನಂಬಿಕೆಯೂ ಈ ಹಂಚಿಕೆಯಲ್ಲೇ ಬಯಲಾಗುತ್ತದೆ. ಅಹಮದಾಬಾದ್, ವಡೋದರಾ, ಸೂರತ್ ಈ ಮೂರು ಊರುಗಳಲ್ಲಿ ಆ ಹಂಚಿಕೆ ನೂರೈವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. ಬದಲಾಗದೆ ಉಳಿದದ್ದು, ಎದುರಿಗೆ ಕೂತ ಮಗು ಯಾರು ಎಂಬ ಪ್ರಶ್ನೆಗೆ ಕೊನೆಯಲ್ಲಿ ಉಳಿದ ಜಾಗ ಕೊಡುವ ರೂಢಿ.

ಮೊದಲ ಕಥೆ ಸೂರತ್‌ನಲ್ಲಿ ಹುಟ್ಟಿ ಅಹಮದಾಬಾದಿನಲ್ಲಿ ಬಾಳಿದ ಒಬ್ಬ ಮೇಷ್ಟ್ರದು. ಮಹೀಪತರಾಮ್ ರೂಪರಾಮ್ ನೀಲಕಂಠ ಅವರನ್ನು 1860ರಲ್ಲಿ ಮುಂಬಯಿ ಸರ್ಕಾರದ ಶಿಕ್ಷಣ ಇಲಾಖೆ ಇಂಗ್ಲೆಂಡಿಗೆ ಕಳಿಸಿತು. ಅಲ್ಲಿ ಶಿಕ್ಷಕರಿಗೆ ಹೇಗೆ ತರಬೇತಿ ಕೊಡುತ್ತಾರೆಂದು ನೋಡಿ ಬರುವುದು ಕೆಲಸ. ಆಗ ಕಡಲು ದಾಟುವುದೆಂದರೆ ಜಾತಿ ಬಿಟ್ಟಂತೆ. ಮರಳಿ ಬಂದ ನಾಗರ ಬ್ರಾಹ್ಮಣ ಮೇಷ್ಟ್ರನ್ನು ಜಾತಿಯವರು ಹೊರಗಿಟ್ಟರು. ಆ ಬಹಿಷ್ಕಾರ ಹತ್ತು ವರ್ಷಕ್ಕೂ ಹೆಚ್ಚು ನಡೆಯಿತು. ಪಾಠ ಮಾಡುವುದನ್ನು ಕಲಿಸುವುದು ಹೇಗೆ ಎಂಬ ಒಂದು ಪ್ರಶ್ನೆಗಾಗಿ ಮನೆ, ನೆಂಟರು, ಪಂಕ್ತಿ ಎಲ್ಲವನ್ನೂ ಪಣಕ್ಕಿಟ್ಟ ಇಂಥವರು ವಿರಳ. ಆಮೇಲೆ ಅವರು ಅಹಮದಾಬಾದಿನ ಪ್ರೇಮಚಂದ್ ರಾಯಚಂದ್ ಟ್ರೇನಿಂಗ್ ಕಾಲೇಜಿನ ಪ್ರಾಂಶುಪಾಲರಾಗಿ ಕೊನೆಯವರೆಗೂ ಗುಜರಾತಿ ಶಾಲೆಗಳಿಗೆ ಮೇಷ್ಟ್ರುಗಳನ್ನು ತಯಾರಿಸಿದರು.

ಆಗ ಧಾರವಾಡವೂ ಅದೇ ಮುಂಬಯಿ ಆಡಳಿತಕ್ಕೆ ಸೇರಿತ್ತು. ಅಲ್ಲಿನ ನಾರ್ಮಲ್ ಶಾಲೆಯಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳಿಗೆ ಮಾಡಿದ ಕೆಲಸ ಮಹೀಪತರಾಮರು ಗುಜರಾತಿಗೆ ಮಾಡಿದ ಕೆಲಸದ ಅವಳಿಯಂತಿದೆ. ಒಂದೇ ಇಲಾಖೆ, ಒಂದೇ ಅಚ್ಚು. ಭಾಷೆ ಮಾತ್ರ ಬೇರೆ. ಕಲಿಯಲು ಬಂದವರು ಹೆಚ್ಚಾಗಿ ಹಳ್ಳಿಯ ಹುಡುಗರು. ಓದು, ಬರಹ, ಲೆಕ್ಕ, ಭೂಗೋಳ ಮೊದಲು ಅವರಿಗೇ ಗಟ್ಟಿಯಾಗಬೇಕಿತ್ತು. ಪಾಠ ಹೇಳುವ ಪದ್ಧತಿ ಅದರ ಬೆನ್ನಿಗೆ. ಮೇಷ್ಟ್ರಿಗೂ ಮಕ್ಕಳಿಗೂ ಒಂದೇ ಭಾಷೆ ಎಂಬುದನ್ನು ಆ ವೇಳಾಪಟ್ಟಿ ಬರೆಯದೆಯೇ ಒಪ್ಪಿಕೊಂಡಿತ್ತು. ಗುಜರಾತಿ ಮೇಷ್ಟ್ರು ಗುಜರಾತಿ ಮಕ್ಕಳಿಗೆ, ಕನ್ನಡ ಮೇಷ್ಟ್ರು ಕನ್ನಡ ಮಕ್ಕಳಿಗೆ. ಅಂದಿನ ಮಟ್ಟಿಗೆ ಅದು ದೊಡ್ಡ ತಪ್ಪೇನಲ್ಲ. ತಪ್ಪಾದದ್ದು, ಊರುಗಳು ಬದಲಾದ ಮೇಲೂ ಆ ಒಪ್ಪಿಗೆ ಹಾಗೇ ಉಳಿದದ್ದು.

ಬರೋಡಾ ಸಂಸ್ಥಾನದಲ್ಲಿ ಒತ್ತಡ ಬೇರೆ ಥರದ್ದು. ಮೂರನೇ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿ ತಾಲ್ಲೂಕಿನಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಪ್ರಯೋಗವಾಗಿ ತಂದರು. 1906ರಲ್ಲಿ ಅದು ಇಡೀ ಸಂಸ್ಥಾನಕ್ಕೆ ಹಬ್ಬಿತು. ಎಲ್ಲ ಮಕ್ಕಳೂ ಶಾಲೆಗೆ ಬರಬೇಕು ಎಂದು ಕಾಯಿದೆ ಹೇಳಿದ ಮರುದಿನವೇ ಅಷ್ಟು ಮಕ್ಕಳಿಗೆ ಮೇಷ್ಟ್ರು ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಶಿಕ್ಷಕ ಹುಟ್ಟುತ್ತಾನೆ, ಅವನನ್ನು ತಯಾರಿಸಲಾಗದು ಎಂಬ ಮಾತು ಕೇಳಲು ಚೆನ್ನ. ಆದರೆ ಒಂದು ಸಂಸ್ಥಾನದ ಎಲ್ಲ ಊರುಗಳಿಗೆ ಬೇಕಾಗುವಷ್ಟು ಮೇಷ್ಟ್ರುಗಳು ತಾವಾಗಿಯೇ ಹುಟ್ಟಿ ಬರುವವರೆಗೆ ಮಕ್ಕಳು ಕಾಯಲಾರರು.

ಹಾಗೆಂದು ಹುಟ್ಟಾ ಶಿಕ್ಷಕರು ಸುಳ್ಳಲ್ಲ. ಅಂಥವರಲ್ಲಿ ಒಬ್ಬರು ಬೆಳಗಾವಿಯಿಂದಲೇ ಬರೋಡಾಕ್ಕೆ ಹೋದರು. ದತ್ತಾತ್ರೇಯ ಬಾಲಕೃಷ್ಣ ಕಾಲೇಲ್ಕರ್, ಮುಂದೆ ಕಾಕಾ ಕಾಲೇಲ್ಕರ್ ಎಂದು ಹೆಸರಾದವರು. ಕಾರವಾರ, ಬೆಳಗಾವಿ ಸೀಮೆಗಳಲ್ಲಿ ಬಾಲ್ಯ ಕಳೆದವರು. ಬೆಳಗಾವಿಯ ಗಣೇಶ ವಿದ್ಯಾಲಯದಲ್ಲಿ ಕಲಿಸಿ 1910ರಲ್ಲಿ ಬರೋಡಾದ ಗಂಗಾನಾಥ ವಿದ್ಯಾಲಯ ಎಂಬ ರಾಷ್ಟ್ರೀಯ ಶಾಲೆಗೆ ಸೇರಿದರು. ಬ್ರಿಟಿಷರ ಒತ್ತಡಕ್ಕೆ ಸಿಕ್ಕಿ ಆ ಶಾಲೆ 1912ರಲ್ಲಿ ಮುಚ್ಚಿತು. ಹಿಮಾಲಯ ಸುತ್ತಿ, ಶಾಂತಿನಿಕೇತನದಲ್ಲಿ ಗಾಂಧೀಜಿಯನ್ನು ಕಂಡು, ಸಾಬರಮತಿ ಆಶ್ರಮದ ಶಾಲೆಗೆ ಬಂದರು. ಗಾಂಧೀಜಿ 1920ರ ಅಕ್ಟೋಬರ್ 18ರಂದು ಸ್ಥಾಪಿಸಿದ ಗುಜರಾತ್ ವಿದ್ಯಾಪೀಠಕ್ಕೆ ಮುಂದೆ ಕಾಲೇಲ್ಕರರೇ ಕುಲನಾಯಕರಾದರು.

ಅವರ ಮನೆಮಾತು ಮರಾಠಿ. ಗುಜರಾತಿಯನ್ನು ದೊಡ್ಡವರಾದ ಮೇಲೆ ಕಲಿತದ್ದು. ಆದರೂ ಆ ಭಾಷೆಯ ಒಳ್ಳೆಯ ಗದ್ಯಕಾರರಲ್ಲಿ ಒಬ್ಬರಾದರು, ಅದರ ಕಾಗುಣಿತವನ್ನು ಒಂದು ಹದಕ್ಕೆ ತಂದ ಕೋಶದ ಕೆಲಸದಲ್ಲಿ ಕೈಜೋಡಿಸಿದರು. ಗಾಂಧೀಜಿ ಅವರನ್ನು ಕರೆದದ್ದು 'ಸವಾಯಿ ಗುಜರಾತಿ' ಎಂದು. ಸವಾಯಿ ಎಂದರೆ ಒಂದೂಕಾಲು. ಹುಟ್ಟಿನಿಂದ ಗುಜರಾತಿಯಾದವನು ಒಂದು ಪಾಲಾದರೆ, ಮಕ್ಕಳಿಗಾಗಿ ಆ ಭಾಷೆಯನ್ನು ಕಲಿತ ಮೇಷ್ಟ್ರು ಅವನಿಗಿಂತ ಕಾಲು ಪಾಲು ಹೆಚ್ಚು.

ವಿದ್ಯಾಪೀಠದ ಪಠ್ಯಕ್ರಮ ಹೊಸ ವಿಷಯಗಳನ್ನು ಸೇರಿಸಿದ್ದಕ್ಕಿಂತ ಹೆಚ್ಚಾಗಿ ದಿನದ ಗಂಟೆಗಳನ್ನೇ ಬೇರೆ ರೀತಿ ಹಂಚಿತು. ನೂಲುವುದಕ್ಕೆ ಗಂಟೆ, ಹಾಸ್ಟೆಲಿನ ಕೆಲಸಕ್ಕೆ ಗಂಟೆ, ಹಳ್ಳಿಗೆ ನಡೆದು ಹೋಗಿ ಇದ್ದು ಬರುವುದಕ್ಕೆ ದಿನಗಳು. ಮೇಷ್ಟ್ರಾಗುವವನು ಮಗುವಿನ ಮನೆಯನ್ನು ನೋಡಿರಬೇಕು ಎಂಬುದು ಅದರ ಒಳಗಿನ ನಂಬಿಕೆ. ಇದಕ್ಕೆ ಎದುರಾಡುವವರೂ ಇದ್ದರು, ಇದ್ದಾರೆ. ಚರಕ ತಿರುಗಿಸಿದವನಿಗೆ ಭಿನ್ನರಾಶಿ ಕಲಿಸುವುದು ಹೇಗೆಂದು ತಾನಾಗಿ ತಿಳಿಯುವುದಿಲ್ಲ ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ. ಮಗುವಿನ ಮೇಲಿನ ಪ್ರೀತಿಯ ಜೊತೆಗೆ ಮಗು ಲೆಕ್ಕದಲ್ಲಿ ಎಲ್ಲಿ ಎಡವುತ್ತದೆ ಎಂಬ ಅರಿವೂ ಬೇಕು.

ಆ ಅರಿವನ್ನು ಶಾಸ್ತ್ರವಾಗಿ ಕಟ್ಟಲು ಹೊರಟದ್ದು ವಡೋದರಾ. ಅಲ್ಲಿನ ಪ್ರೌಢಶಾಲಾ ಶಿಕ್ಷಕರ ತರಬೇತಿ ಕಾಲೇಜು 1935ರಷ್ಟು ಹಳೆಯದು. 1949ರಲ್ಲಿ ವಿಶ್ವವಿದ್ಯಾಲಯ ಹುಟ್ಟಿದಾಗ ಅದು ಶಿಕ್ಷಣ ಮತ್ತು ಮನೋವಿಜ್ಞಾನದ ನಿಕಾಯವಾಯಿತು. ಕಲಾ ವಿಭಾಗ, ವಿಜ್ಞಾನ ವಿಭಾಗಗಳ ಪಕ್ಕದಲ್ಲೇ ಮೇಷ್ಟ್ರು ಕೆಲಸಕ್ಕೂ ಒಂದು ಕಟ್ಟಡ ಸಿಕ್ಕಿತು. ದೇಶದಲ್ಲಿ ನಡೆದ ಶಿಕ್ಷಣ ಸಂಶೋಧನೆಗಳನ್ನೆಲ್ಲ ಕಲೆಹಾಕಿ ಎಂ.ಬಿ. ಬುಚ್ ಅವರ ಸಂಪಾದಕತ್ವದಲ್ಲಿ 1974ರಲ್ಲಿ ಬಂದ ಮೊದಲ ಸಮೀಕ್ಷೆಯೂ ಇಲ್ಲಿನದೇ. ಆರು ನಿಮಿಷದ ಪಾಠ ಈ ವಾತಾವರಣದ ಕೂಸು. ಪಾಠ ಎಂಬ ದೊಡ್ಡ ಕೆಲಸವನ್ನು ಬಿಡಿಬಿಡಿ ಕೌಶಲಗಳಾಗಿ ಒಡೆದು, ಒಂದೊಂದನ್ನೂ ಅಳೆದು, ತಿದ್ದಿ, ಮತ್ತೆ ಜೋಡಿಸಬಹುದು ಎಂಬ ವಿಶ್ವಾಸ. ಮಕ್ಕಳಿಗೆ ಬೆನ್ನು ಹಾಕಿ ನಿಲ್ಲಬಾರದು, ಒಂದೇ ಮಗುವನ್ನು ಪದೇಪದೇ ಕೇಳಬಾರದು, ಪ್ರಶ್ನೆ ಕೇಳಿ ಉತ್ತರಕ್ಕೆ ಒಂದು ಕ್ಷಣ ಕಾಯಬೇಕು. ಸಣ್ಣ ಮಾತುಗಳೆನಿಸಿದರೂ ಇವು ತಿಳಿಯದೆ ವರ್ಷಗಟ್ಟಲೆ ಪಾಠ ಮಾಡಿದವರು ಬಹಳ ಇದ್ದಾರೆ.

ಇದೇ ಹೊತ್ತಿಗೆ ದೇಶದ ಮಟ್ಟದಲ್ಲಿ ಒಂದು ದೂರು ದಾಖಲಾಯಿತು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ, ಶಿಕ್ಷಕರ ಶಿಕ್ಷಣ ಮೂರು ಕಡೆಯಿಂದ ಒಂಟಿಯಾಗಿದೆ ಎಂದಿತು: ವಿಶ್ವವಿದ್ಯಾಲಯದಿಂದ ದೂರ, ಶಾಲೆಗಳಿಂದ ದೂರ, ಒಂದು ತರಬೇತಿ ಸಂಸ್ಥೆ ಇನ್ನೊಂದರಿಂದ ದೂರ. ಆಯೋಗದ ಸದಸ್ಯ ಕಾರ್ಯದರ್ಶಿ ಜೆ.ಪಿ. ನಾಯಕ್. 1930ರ ದಶಕದಲ್ಲಿ ಧಾರವಾಡ ಜಿಲ್ಲೆಯ ಉಪ್ಪಿನಬೆಟಗೇರಿಯಲ್ಲಿದ್ದು ಗ್ರಾಮದ ಕೆಲಸ ಮಾಡಿದವರು. ಹಳ್ಳಿಯ ಶಾಲೆಯನ್ನು ಹತ್ತಿರದಿಂದ ಕಂಡವರಿಗೆ 'ಶಾಲೆಗಳಿಂದ ದೂರ' ಎಂಬ ಮಾತಿನ ಭಾರ ಹೊಸದಾಗಿ ತಿಳಿಯಬೇಕಿರಲಿಲ್ಲ.

ಆ ಒಂಟಿತನ ಮುರಿಯುವ ಒಂದು ಪ್ರಯತ್ನ ಆಗಲೇ ಮೈಸೂರಿನಲ್ಲಿ ಶುರುವಾಗಿತ್ತು. 1963ರಲ್ಲಿ ಅಜ್ಮೀರ್, ಭೋಪಾಲ್, ಭುವನೇಶ್ವರ್, ಮೈಸೂರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಹುಟ್ಟಿದವು. ಪಿ.ಯು.ಸಿ. ಮುಗಿಸಿ ಬಂದವರಿಗೆ ವಿಜ್ಞಾನವನ್ನೂ ಅದನ್ನು ಕಲಿಸುವ ಬಗೆಯನ್ನೂ ನಾಲ್ಕು ವರ್ಷ ಒಟ್ಟೊಟ್ಟಿಗೆ ಹೇಳಿಕೊಡುವ ಪದವಿ ಅಲ್ಲಿಯದು. ಮೈಸೂರಿನ ಆವರಣದಲ್ಲೇ ಪ್ರಾಯೋಗಿಕ ಶಾಲೆಯೊಂದಿದೆ. ರಸಾಯನಶಾಸ್ತ್ರದ ಪ್ರಯೋಗಾಲಯದಿಂದ ಹೊರಬಂದು ಹತ್ತು ಹೆಜ್ಜೆ ಇಟ್ಟರೆ ಸಮವಸ್ತ್ರದ ಮಕ್ಕಳು ಕಾಣಿಸುತ್ತಾರೆ. ಈಗ ಹೊಸದೆಂದು ಹೇಳುತ್ತಿರುವ ನಾಲ್ಕು ವರ್ಷದ ಬಿ.ಎಡ್.ಗೆ ಮಾನಸಗಂಗೋತ್ರಿಯ ಪಕ್ಕದಲ್ಲಿ ಅರವತ್ತು ವರ್ಷದ ಇತಿಹಾಸವಿದೆ.

ಗುಜರಾತಿನ ನೆಲದ ಮೇಲೆ ಈ ಎರಡು ಕಾಲಗಳು ಮುಖಾಮುಖಿಯಾದದ್ದು ಸೂರತ್‌ನ ಒಂದು ಕನ್ನಡ ಮನೆಯಲ್ಲಿ. ತಾಯಿ ಬೈಲಹೊಂಗಲದ ಕಡೆಯವರು. 1997ರಲ್ಲಿ, ಬಿ.ಎಡ್. ಇನ್ನೂ ಒಂದೇ ವರ್ಷದ್ದಾಗಿದ್ದಾಗ, ಧಾರವಾಡದಲ್ಲಿ ಅದನ್ನು ಮುಗಿಸಿದರು. ಆರಿಸಿಕೊಂಡ ವಿಷಯಗಳು ಕನ್ನಡ ಮತ್ತು ಸಮಾಜ. ಮದುವೆಯಾಗಿ ಸೂರತ್‌ಗೆ ಬಂದರು. ಗಂಡ ಸೀರೆ ಮಾರ್ಕೆಟ್ಟಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಸೂರತ್ ನಗರಪಾಲಿಕೆ ಏಳು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ: ಗುಜರಾತಿ, ಮರಾಠಿ, ಹಿಂದಿ, ಉರ್ದು, ಒಡಿಯಾ, ತೆಲುಗು, ಇಂಗ್ಲಿಷ್. ಕನ್ನಡ ಅದರಲ್ಲಿಲ್ಲ. ಕನ್ನಡ ಕಲಿಸಲು ತಯಾರಾದ ಮೇಷ್ಟರಮ್ಮನಿಗೆ ಅಲ್ಲಿ ಮಕ್ಕಳೇ ಇರಲಿಲ್ಲ. ಸರ್ಟಿಫಿಕೇಟು ಮದುವೆ ಸೀರೆಗಳ ಜೊತೆ ಟ್ರಂಕು ಸೇರಿತು. ಪಾಠಯೋಜನೆಯ ದಪ್ಪ ನೋಟುಪುಸ್ತಕವೊಂದು ಮಾತ್ರ ಅಡುಗೆಮನೆಯ ಮಾಡದಲ್ಲಿ ಉಳಿದು, ಹಿಂದಿನ ಹಾಳೆಗಳಲ್ಲಿ ಹಾಲಿನ ಲೆಕ್ಕ ಬರೆಸಿಕೊಂಡಿತು.

ಮಗಳು ಗುಜರಾತಿ ಮಾಧ್ಯಮದಲ್ಲಿ ಓದಿದಳು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಹಿಂದಿ, ಶಾಲೆಯಲ್ಲಿ ಗುಜರಾತಿ. ಗಣಿತ ಹಿಡಿಸಿತು. ಅಹಮದಾಬಾದಿನ ಕಡೆಯ ಒಂದು ಕಾಲೇಜಿನಲ್ಲಿ ನಾಲ್ಕು ವರ್ಷದ ಸಂಯೋಜಿತ ಬಿ.ಎಸ್ಸಿ.-ಬಿ.ಎಡ್. ಸೇರಿದಳು. ರಜೆಗೆ ಬಂದಾಗ ತಾಯಿ ಮಗಳು ಇಬ್ಬರೂ ತಮ್ಮ ತಮ್ಮ ವೇಳಾಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು.

"ಅವ್ವಾ, ನಿನ್ನ ಸಾಲಿಗೆ ಯಾವಾಗ ಕಳಿಸಿದ್ರು?"

"ಕಡೀಕ. ಹುಡುಗರ ಹೆಸರು ಕಲಿಯೂದ್ರಾಗ ಪರೀಕ್ಷಾ ಬಂತು."

"ನಮಗ ಮೂರನೇ ವರ್ಷ."

"ಅಲ್ಲೀತನ?"

"ಅಲ್ಲೀತನ ನಮ್ಮ ನಮ್ಮೊಳಗ ಟೀಚರ್ ಆಟ."

ತಾಯಿಯ ಒಂದು ವರ್ಷಕ್ಕೂ ಮಗಳ ನಾಲ್ಕು ವರ್ಷಕ್ಕೂ ನಡುವೆ ಬಹಳ ನಡೆದಿದೆ. ಸುಪ್ರೀಂ ಕೋರ್ಟ್ ರಚಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ಶಿಕ್ಷಕರ ತರಬೇತಿಯ ದುಃಸ್ಥಿತಿಯನ್ನು ಬಿಡಿಸಿಟ್ಟಿತು. ಅದರ ಬೆನ್ನಿಗೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರ ನಿಯಮಗಳಲ್ಲಿ ಬಿ.ಎಡ್. ಅನ್ನು ಎರಡು ವರ್ಷ ಮಾಡಿತು, 20 ವಾರ ಶಾಲೆಯ ಒಡನಾಟ ಕಡ್ಡಾಯವಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ, 2030ರ ಹೊತ್ತಿಗೆ ಶಾಲಾ ಶಿಕ್ಷಕರಿಗೆ ನಾಲ್ಕು ವರ್ಷದ ಸಂಯೋಜಿತ ಪದವಿಯೇ ಕನಿಷ್ಠ ಅರ್ಹತೆಯಾಗಬೇಕೆಂದು ಗುರಿ ಹಾಕಿತು. 2023-24ರಲ್ಲಿ ದೇಶದ 57 ಸಂಸ್ಥೆಗಳಲ್ಲಿ ಹೊಸ ಪದವಿ ಆರಂಭವಾಯಿತು. ಗುಜರಾತು ಅದಕ್ಕೂ ಮೊದಲೇ, 2010ರಲ್ಲಿ, ಶಿಕ್ಷಕರ ಶಿಕ್ಷಣಕ್ಕೆಂದೇ ಗಾಂಧಿನಗರದಲ್ಲಿ ಒಂದು ವಿಶ್ವವಿದ್ಯಾಲಯ ಕಟ್ಟಿ ಇಂಥ ಸಂಯೋಜಿತ ಪದವಿಗಳನ್ನು ನಡೆಸುತ್ತಾ ಬಂದಿದೆ.

ಪರಿಷತ್ತಿನ ಈ ಹೊಸ ಪದವಿಗೆ ಒಟ್ಟು 160 ಕ್ರೆಡಿಟ್. ಗಣಿತ, ಭೌತಶಾಸ್ತ್ರ, ಇತಿಹಾಸ, ಭಾಷೆಯಂಥ ಮೂಲ ವಿಷಯಕ್ಕೆ 64. ಶಿಕ್ಷಣದ ತಳಹದಿಗೆ, ಎಂದರೆ ಮಗುವಿನ ಬೆಳವಣಿಗೆ, ಶಿಕ್ಷಣದ ತತ್ವ, ಸಮಾಜ ಇಂಥವಕ್ಕೆ 30. ಯಾವ ಹಂತದ ಮಕ್ಕಳಿಗೆ ಆ ವಿಷಯವನ್ನು ಹೇಗೆ ಕಲಿಸಬೇಕು ಎಂಬುದಕ್ಕೆ 16. ಭಾಷಾ ಸಾಮರ್ಥ್ಯ, ಕಲೆ, ಯೋಗ, ಕಂಪ್ಯೂಟರು ಮುಂತಾದವು ಸೇರಿ 28. ಶಾಲೆಯ ಅನುಭವಕ್ಕೆ 20. ಸಮುದಾಯದ ಒಡನಾಟಕ್ಕೆ 2.

ಈ ಹಂಚಿಕೆಯಲ್ಲಿ ಮೆಚ್ಚಬೇಕಾದದ್ದು ಬಹಳ. ಶಿಕ್ಷಕಿಗೆ ತನ್ನ ವಿಷಯ ಗಟ್ಟಿಯಾಗಿ ಬರಬೇಕು ಎಂಬ ಹಟ ಒಳ್ಳೆಯದು. ಚಿಕ್ಕ ಮಕ್ಕಳಿಗೆ ಕಲಿಸುವುದೂ ದೊಡ್ಡ ಮಕ್ಕಳಿಗೆ ಕಲಿಸುವುದೂ ಬೇರೆ ಬೇರೆ ವಿದ್ಯೆ ಎಂದು ಒಪ್ಪಿ ಹಂತಗಳನ್ನು ಬೇರೆ ಮಾಡಿದ್ದು ಇನ್ನೂ ಒಳ್ಳೆಯದು. ಪ್ರಾಥಮಿಕ ತರಗತಿಗೆ ಬಿ.ಎಡ್. ಅರ್ಹತೆ ಸಾಲದು, ಅದಕ್ಕೆ ಅದರದೇ ತರಬೇತಿ ಬೇಕು ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೇ ಮಾತನ್ನು. ಪದವಿಗೆ ಮೂರು, ಬಿ.ಎಡ್.ಗೆ ಎರಡು ಎಂದು ಐದು ವರ್ಷ ಸಾಲ ಮಾಡಿ ಓದುತ್ತಿದ್ದ ಮನೆಗಳಿಗೆ ಒಂದು ವರ್ಷ ಉಳಿಯಿತು. ಬೇರೆಲ್ಲೂ ಸೀಟು ಸಿಗದೆ ಕಡೆಗೆ ಬಿ.ಎಡ್.ಗೆ ಬರುವವರ ಬದಲು ಹದಿನೆಂಟಕ್ಕೇ ಮೇಷ್ಟ್ರಾಗಬೇಕೆಂದು ಬಂದವರು ಸಿಗಬಹುದು. ಹದಿನೆಂಟಕ್ಕೆ ಅಷ್ಟು ದೊಡ್ಡ ನಿರ್ಧಾರ ಮಾಡಿಸುವುದು ಸರಿಯೇ ಎಂಬ ಅನುಮಾನವೂ ನ್ಯಾಯವಾದದ್ದೇ.

ಆದರೆ 160ರಲ್ಲಿ 20, ಅದರಲ್ಲೂ ಬಹುಪಾಲು ಎರಡನೇ ಅರ್ಧದಲ್ಲಿ. ಸಮುದಾಯಕ್ಕೆ 2. ಮಗು ಕೋಣೆಯೊಳಗೆ ಬರುವ ಹೊತ್ತಿಗೆ ಅದರ ಬಗ್ಗೆ ಎಲ್ಲವನ್ನೂ ಓದಿ ಮುಗಿಸಿರುತ್ತಾರೆ. ಪಿಯಾಜೆ ಏನು ಹೇಳಿದ, ವೈಗೋಟ್ಸ್ಕಿ ಏನು ಹೇಳಿದ ಎಂಬುದು ಪರೀಕ್ಷೆಯ ಉತ್ತರವಾಗಿ ಬಂದಿರುತ್ತದೆ, ತರಗತಿಯಲ್ಲಿ ಹುಟ್ಟಿದ ಪ್ರಶ್ನೆಗೆ ಉತ್ತರವಾಗಿ ಅಲ್ಲ. ಈಜು ಕಲಿಸುವವರು ಎರಡು ವರ್ಷ ನೀರಿನ ಗುಣಧರ್ಮ ಹೇಳಿ ಮೂರನೆಯ ವರ್ಷ ಕೆರೆಗೆ ಕರೆದೊಯ್ದಂತೆ.

ಊರಿನ ಶಾಲೆ ಆರಿಸಿಕೊಳ್ಳಲು ಅವಕಾಶವಿದ್ದುದರಿಂದ ಮಗಳು ಸೂರತ್‌ನ ಒಂದು ಗುಜರಾತಿ ಮಾಧ್ಯಮದ ಶಾಲೆಗೆ ಹೋದಳು. ಸೂರತ್ ಮಗ್ಗಗಳ ಊರು. ಗಂಜಾಂ ಜಿಲ್ಲೆಯಿಂದ ಪವರ್‌ಲೂಮಿಗೆ ಬಂದ ಒಡಿಯಾ ಮನೆಗಳು, ಖಾನ್‌ದೇಶದ ಮರಾಠಿ ಮನೆಗಳು, ತೆಲಂಗಾಣದ ನೇಕಾರರು, ಉತ್ತರ ಪ್ರದೇಶ, ಬಿಹಾರದವರು. ಏಳು ಮಾಧ್ಯಮದ ಶಾಲೆಗಳಿದ್ದರೂ ಮನೆಗೆ ಹತ್ತಿರವಿರುವುದು ಯಾವುದೋ ಅಲ್ಲಿಗೇ ಮಕ್ಕಳು ಬರುತ್ತಾರೆ. ಆರನೇ ತರಗತಿಯ ಬೋರ್ಡಿನ ಮೇಲೆ ಅವಳು 2.5 ಎಂದು ಬರೆದು ಮೀಟರಿನ ಬಟ್ಟೆಯ ಲೆಕ್ಕ ಕೊಟ್ಟಳು. ಪ್ರಶ್ನೆ ಕೇಳಿ ಕಾಯಬೇಕು ಎಂದು ಕಲಿತದ್ದನ್ನು ನೆನಪಿಟ್ಟು ಕಾದಳು. ಹಿಂದಿನ ಬೆಂಚಿನ ಒಡಿಯಾ ಹುಡುಗ ತಲೆ ತಗ್ಗಿಸಿಯೇ ಇದ್ದ. ಓದಿದ್ದೆಲ್ಲ ಮುಗಿದ ಮೇಲೆ ಗುಜರಾತಿಯಲ್ಲಿ "ಅಢೀ ಮೀಟರ್" ಎಂದಳು. ಹುಡುಗ ಥಟ್ಟನೆ ತಲೆ ಎತ್ತಿ "ಅಢೇಇ" ಎಂದ. ಅಪ್ಪನ ಮಗ್ಗದ ಬಳಿ ದಿನವೂ ಕೇಳುವ ಮಾತು ಅದು. ಆಮೇಲೆ ಒಂದೂವರೆ, ಒಂದೂಕಾಲು ಎಲ್ಲ ಅವನ ಬಾಯಲ್ಲೇ ಬಂದವು, ಅವನ ಭಾಷೆಯಲ್ಲಿ. ಬೋರ್ಡಿನ ಮೇಲಿನ ಚುಕ್ಕೆಗೂ ಆ ಮಾತಿಗೂ ನಂಟು ಹಾಕುವುದಷ್ಟೇ ಉಳಿದ ಕೆಲಸ.

ಅವಳಿಗೆ ಅದು ಹೊಳೆದದ್ದು ಮನೆಯಿಂದ. ಬೆಳಗಾವಿ ಸೀಮೆಯ ಕನ್ನಡದಲ್ಲಿ ಒಂದೂವರೆ ದೀಡ, ಎರಡೂವರೆ ಅಡೀಚ. ಮರಾಠಿಯ ನೆರೆಯಿಂದ ಬಂದು ಮನೆಯವೇ ಆದ ಮಾತುಗಳು. ಹೆಚ್ಚು ಬುದ್ಧಿ ತೋರಿಸಿದಾಗಲೆಲ್ಲ ತಾಯಿಯಿಂದ 'ದೀಡ ಶಾಣ್ಯಾ' ಎಂದು ಬೈಸಿಕೊಂಡು ಬೆಳೆದವಳು ಅವಳು. ಗುಜರಾತಿಯ ದೋಢ, ಒಡಿಯಾದ ದೇಢ, ಹಿಂದಿಯ ಡೇಢ ಒಂದೇ ಮನೆತನದವು ಎಂದು ಅವಳ ಕಿವಿಗೆ ಗೊತ್ತಿತ್ತು. 160 ಕ್ರೆಡಿಟ್‌ಗಳಲ್ಲಿ ಯಾವುದರಲ್ಲೂ ಅದು ಇರಲಿಲ್ಲ. ಅದೇ ಬೆಂಚಿನಲ್ಲಿ ಒಬ್ಬ ತೆಲುಗು ಹುಡುಗಿಯಿದ್ದಳು. ಎರಡೂವರೆಗೆ ಅವಳ ಮಾತು ರೆಂಡುನ್ನರ, ಕನ್ನಡದ ಎರಡೂವರೆಗೆ ಹತ್ತಿರದ್ದು. ಅವಳ ಬಳಿ ಶಿಕ್ಷಕಿ ಬೇರೆ ದಾರಿ ಹಿಡಿಯಬೇಕಾಯಿತು. ಆ ವಾರ ಮನೆಗೆ ಬಂದಾಗ ತಾಯಿ ಟ್ರಂಕು ತೆರೆದು, ಭಾಷಾ ಬೋಧನೆಯ ಹಳೆಯ ಟಿಪ್ಪಣಿಗಳನ್ನು ಹುಡುಕಿ ಕೊಟ್ಟರು. ಇಪ್ಪತ್ತೈದು ವರ್ಷಕ್ಕೂ ಮೇಲಾದ ಮೇಲೆ ಆ ಬಿ.ಎಡ್. ಒಂದು ತರಗತಿಗೆ ಉಪಯೋಗಕ್ಕೆ ಬಂತು.

ಎಲ್ಲ ಶಿಕ್ಷಕಿಯರಿಗೂ ಮೂರು ಭಾಷೆಯ ಮನೆ ಇರುವುದಿಲ್ಲ. ಪಠ್ಯಕ್ರಮ ಎಂಬುದು ಬೇಕಾದದ್ದೇ ಅದಕ್ಕೆ. ಮನೆಯಿಂದ ಬಾರದಿದ್ದುದನ್ನು ಕೊಡಬೇಕಾದದ್ದು ಕಾಲೇಜು. ತರಗತಿಯಲ್ಲಿ ಎಷ್ಟು ಭಾಷೆಗಳಿವೆ ಎಂದು ಎಣಿಸುವುದು, ಮನೆಯ ಭಾಷೆಯ ಲೆಕ್ಕ, ಅಳತೆ, ಕಾಲಗಳ ಮಾತುಗಳನ್ನು ಪಟ್ಟಿ ಮಾಡುವುದು, ಅವನ್ನು ಪಾಠದ ಭಾಷೆಗೆ ಹೆಣೆಯುವುದು ಕಲಿಸಬಹುದಾದ ಕೌಶಲಗಳೇ. ಕಪ್ಪುಹಲಗೆ ಬಳಸುವುದನ್ನು ಒಂದು ಕೌಶಲವಾಗಿ ಒಡೆದು ಕಲಿಸಲು ವಡೋದರಾಕ್ಕೆ ಸಾಧ್ಯವಾಯಿತೆಂದರೆ ಇದನ್ನೂ ಕಲಿಸಬಹುದು. ಸಹಪಾಠಿಗಳ ಮೇಲೆ ಮಾತ್ರ ಇದನ್ನು ಅಭ್ಯಾಸ ಮಾಡಲಾಗದು. ಎದುರಿಗೆ ನಿಜವಾದ ಮಗು ಬೇಕು.

ಇದು ಸೂರತ್‌ನ ತಲೆನೋವು ಮಾತ್ರವಲ್ಲ. ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡುಗಳಿಂದ ಸರ್ಕಾರಿ ಕನ್ನಡ ಶಾಲೆಗೆ ಬರುವ ಮಕ್ಕಳಲ್ಲಿ ಒಡಿಯಾ, ಬಂಗಾಳಿ, ಹಿಂದಿ, ತೆಲುಗು ಮನೆಮಾತಿನವರಿದ್ದಾರೆ. ಕಾಸರಗೋಡಿನಲ್ಲಿ ಕಥೆ ತಿರುಗುಮುರುಗಾಗಿದೆ. ಅಲ್ಲಿ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಶಿಕ್ಷಕರ ನೇಮಕವಾದಾಗ ಮಕ್ಕಳೂ ಪೋಷಕರೂ ಬೀದಿಗಿಳಿದದ್ದುಂಟು. ಆ ಶಿಕ್ಷಕರ ಪದವಿಯಲ್ಲಿ ಕೊರತೆಯಿರಲಿಲ್ಲ, ಪರೀಕ್ಷೆ ಪಾಸಾಗಿಯೇ ಬಂದವರು. ಪದವಿ ಕೊಟ್ಟ ಪಠ್ಯಕ್ರಮಕ್ಕೆ ಅವರು ಯಾರ ಎದುರು ನಿಲ್ಲುತ್ತಾರೆ ಎಂಬ ಗೊಡವೆ ಇರಲಿಲ್ಲ ಅಷ್ಟೇ.

ಸೂರತ್‌ನ ಇನ್ನೊಂದು ಕಥೆ ಇಲ್ಲಿ ನೆನಪಾಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ದುರ್ಗಾರಾಮ್ ಮೆಹತಾ ಎಂಬ ಶಾಲಾ ಮೇಷ್ಟ್ರಿದ್ದರು. ಮಂತ್ರ-ಮಾಟಗಳನ್ನೂ ಜಾತಿಯ ಕಟ್ಟುಗಳನ್ನೂ ಬಹಿರಂಗವಾಗಿ ಪ್ರಶ್ನಿಸಲು 1844ರಲ್ಲಿ ಮಾನವ ಧರ್ಮ ಸಭೆ ಕಟ್ಟಿದವರು. ಅವರ ಜೀವನಚರಿತ್ರೆ ಬರೆದದ್ದು ಅದೇ ಮಹೀಪತರಾಮರು. ದುರ್ಗಾರಾಮರ ಶಾಲೆಯಲ್ಲಿ ಓದಿದ ಹುಡುಗರಲ್ಲಿ ಒಬ್ಬ ಗುಜರಾತಿನ ಕವಿ ನರ್ಮದ್. ನರ್ಮದ್ ತಾನೂ ಮೇಷ್ಟ್ರಾದ, 1858ರಲ್ಲಿ ಆ ಕೆಲಸ ಬಿಟ್ಟು ಲೇಖನಿಯನ್ನೇ ನಂಬಿ ಬದುಕಲು ಹೊರಟ. ಇವತ್ತು ಸೂರತ್ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ಬಿ.ಎಡ್. ಪದವಿ ಕೊಡುವ ವಿಶ್ವವಿದ್ಯಾಲಯಕ್ಕೆ ಅವನದೇ ಹೆಸರು: ವೀರ ನರ್ಮದ್ ದಕ್ಷಿಣ ಗುಜರಾತ್ ವಿಶ್ವವಿದ್ಯಾಲಯ. ಮೇಷ್ಟ್ರು ಕೆಲಸ ಬಿಟ್ಟವನ ಹೆಸರಿನ ಸರ್ಟಿಫಿಕೇಟು ಹಿಡಿದು ವರ್ಷ ವರ್ಷ ಹೊಸ ಮೇಷ್ಟ್ರುಗಳು ಹೊರಬರುತ್ತಾರೆ. ಮೇಷ್ಟ್ರು ಕೆಲಸವನ್ನು ಬಿಡುವವರು ಈಗಲೂ ಇದ್ದಾರೆ, ಆದರೆ ಕವಿತೆಗಾಗಿ ಅಲ್ಲ. ಮೊದಲ ವರ್ಷವೇ ಅರವತ್ತು ಮಕ್ಕಳ ಎದುರು ನಿಂತು, ಕಲಿತದ್ದು ಯಾವುದೂ ಕೈಗೆ ಬಾರದೆ, ಗಂಟಲು ಒಣಗಿ ಬಿಡುವವರೇ ಹೆಚ್ಚು. ಬಿಡದವರಲ್ಲೂ ಅನೇಕರು ಒಳಗೊಳಗೇ ಬಿಟ್ಟುಬಿಡುತ್ತಾರೆ, ಗೈಡು ನೋಡಿ ಉತ್ತರ ಬರೆಸುತ್ತಾ ನಿವೃತ್ತಿಯವರೆಗೆ ಉಳಿಯುತ್ತಾರೆ.

ಇದಕ್ಕೆ ಮದ್ದು ಇನ್ನಷ್ಟು ಕ್ರೆಡಿಟ್ ಅಲ್ಲ, ಕ್ರೆಡಿಟ್‌ಗಳ ಜಾಗ ಬದಲಾವಣೆ. ಮೊದಲ ವರ್ಷದ ಮೊದಲ ತಿಂಗಳಲ್ಲೇ ವಾರಕ್ಕೊಂದು ದಿನ ಶಾಲೆ. ಪಾಠ ಮಾಡಲು ಅಲ್ಲ, ಹಿಂದಿನ ಬೆಂಚಿನಲ್ಲಿ ಕೂತು ಒಂದೇ ಮಗುವನ್ನು ವರ್ಷವಿಡೀ ನೋಡಲು. ಅದರ ಮನೆಗೆ ಒಮ್ಮೆ ಹೋಗಿ ಬರಲು. ವಿದ್ಯಾಪೀಠದವರು ಹಳ್ಳಿಗೆ ನಡೆದದ್ದು ಇದನ್ನೇ ಅರಸಿ. ಆ ಮಗುವಿನ ಪ್ರಶ್ನೆಗಳನ್ನು ಹೊತ್ತು ತಂದವರಿಗೆ ಮನೋವಿಜ್ಞಾನದ ಪಾಠ ಬೇರೆಯೇ ಆಗಿ ಕೇಳಿಸುತ್ತದೆ. ಸರ್ಕಾರಿ ಶಾಲೆಯ ಅನುಭವಿ ಶಿಕ್ಷಕಿಯೊಬ್ಬರಿಗೆ ಈ ವಿದ್ಯಾರ್ಥಿಗಳ ಹೊಣೆ ಕೊಟ್ಟು, ಅದನ್ನು ಅವರ ಕೆಲಸದ ಭಾಗವೆಂದು ಲೆಕ್ಕಕ್ಕೆ ಹಿಡಿದು, ಅದಕ್ಕೆ ತಕ್ಕ ಸಂಬಳ ಕೊಡಬೇಕು. ಖರ್ಚಿದೆ. ಹತ್ತಿರದ ಶಾಲೆಗಳ ಒಪ್ಪಿಗೆ ಬೇಕು, ಬಸ್ಸಿನ ಚಾರ್ಜು ಬೇಕು, ಬರೀ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಬರುವುದನ್ನು ತಡೆಯುವ ಕಣ್ಣೂ ಬೇಕು. ಮೈಸೂರಿನ ಆವರಣದಲ್ಲಿ ಶಾಲೆ ಕಟ್ಟಿದವರು ಆ ಖರ್ಚನ್ನು 1960ರ ದಶಕದಲ್ಲೇ ಒಪ್ಪಿಕೊಂಡಿದ್ದರು.

2023ರಲ್ಲಿ ಹೊಸ ಪದವಿಗೆ ಸೇರಿದ ಮೊದಲ ತಂಡ ಹೊರಬರುವ ವರ್ಷ 2027. ಆ ಜೂನ್‌ನಲ್ಲಿ ಸೂರತ್‌ನಲ್ಲೋ ರಾಯಚೂರಿನಲ್ಲೋ ಒಬ್ಬ ಹೊಸ ಶಿಕ್ಷಕಿ ಆರನೇ ತರಗತಿಯ ಬಾಗಿಲಲ್ಲಿ ನಿಲ್ಲುತ್ತಾಳೆ. ಒಳಗೆ ಯಾರೂ ಗೊತ್ತಿಲ್ಲದವರಂತೆ ನಟಿಸುವುದಿಲ್ಲ. ಕೆಲವರಿಗೆ ಗೊತ್ತಿರುತ್ತದೆ, ಕೆಲವರಿಗೆ ಗೊತ್ತಿರುವುದಿಲ್ಲ, ಕೆಲವರಿಗೆ ಗೊತ್ತಿದ್ದೂ ಹೇಳುವ ಭಾಷೆ ಇರುವುದಿಲ್ಲ. ಈ ಮೂರನೆಯವರನ್ನು ಗುರುತಿಸಲು ಅವಳಿಗೆ ನಾಲ್ಕು ವರ್ಷದಲ್ಲಿ ಎಷ್ಟು ಗಂಟೆ ಕೊಟ್ಟಿದ್ದೆವು ಎಂಬುದು ಆ ಕೋಣೆಯಲ್ಲಿ ಒಂದೇ ವಾರದಲ್ಲಿ ತಿಳಿದುಹೋಗುತ್ತದೆ.